ತೆರೆಯಂಚಿನ ಗಾಳ

ಐರ್ಲೆಂಡಿನ ನೈಋತ್ಯ ಮೂಲೆಯಲ್ಲಿ, ಕೆರಿ ಎಂಬ ಸೀಮೆಯ ಡಿಂಗಲ್ ಪರ್ಯಾಯದ್ವೀಪದ ತೆಂಕಣ ಮಗ್ಗುಲಿನಿಂದ, ಇಂಚ್ ಎಂಬ ಮರಳಿನ ನಾಲಗೆಯೊಂದು ಸುಮಾರು 3 ಮೈಲಿ ಉದ್ದಕ್ಕೆ ಕೊಲ್ಲಿಯೊಳಕ್ಕೆ ಚಾಚಿಕೊಂಡಿದೆ. ಅದರ ಪಡುವಣ ಮೋರೆಗೆ ಅಟ್ಲಾಂಟಿಕ್ ಸಾಗರದ ತೆರೆಗಳು ಸಾಲುಸಾಲಾಗಿ ಬಂದು ಒಡೆಯುತ್ತವೆ. ಶರತ್ಕಾಲದಲ್ಲಿ ಗಾಳಿ ಎರಡು ದಿನ ಬಿರುಸಾಗಿ ಬೀಸಿ ತುಸು ತಣಿದ ಸಂಜೆ, ತೊಡೆಯವರೆಗೆ ರಬ್ಬರಿನ ಜೋಡು ತೊಟ್ಟ ಮನುಷ್ಯನೊಬ್ಬನು ಮೊಣಕಾಲುದ್ದದ ನೀರಿನಲ್ಲಿ 11-12 ಅಡಿಯ ಕೋಲು ಹಿಡಿದು ನಿಂತಿರುವುದನ್ನು ಅಲ್ಲಿ ಕಾಣಬಹುದು. ಬೆನ್ನು ಊರಿನ ಕಡೆಗೆ, ಮುಖ ಅಮೆರಿಕದ ಕಡೆಗೆ. ದೂರದಿಂದ ನೋಡಿದವರಿಗೆ ಆತ ಏನೂ ಮಾಡುತ್ತಿಲ್ಲವೆಂದೇ ತೋರುವುದು. ಆತನ ಕೆಲಸದ ಮುಕ್ಕಾಲು ಪಾಲು ಅಷ್ಟರೊಳಗೆ ಮುಗಿದಿರುತ್ತದೆಂಬುದು ಅವರಿಗೆ ತಿಳಿಯದು.

ಆ ಕೆಲಸವು ಮೊದಲಾಗುವುದು ಕಡಲು ಹಿಂದೆಗೆದ ಇಳಿತದ ಹೊತ್ತಿನಲ್ಲಿ. ಅಮಾವಾಸ್ಯೆ ಹುಣ್ಣಿಮೆಗಳ ಮರುದಿನಗಳಲ್ಲಿ ನೀರು ಬಹುದೂರ ಸರಿಯುವುದರಿಂದ, ಆಗ ಬಯಲಾಗುವ ಮರಳೇ ಗಾಳಗಾರನ ಹೊಲ. ಒದ್ದೆಮರಳಿನ ಮೇಲೆ ಶಾವಿಗೆಯನ್ನು ಹಿಂಡಿಟ್ಟಂತೆ ಸಣ್ಣ ಸಣ್ಣ ಸುರುಳಿಗಳೂ, ಅವುಗಳಿಂದ ಗೇಣಷ್ಟು ದೂರದಲ್ಲಿ ಒಂದೊಂದು ಕುಳಿಯೂ ಇರುತ್ತವೆ. ಈ ಎರಡರ ನಡುವೆ, ಲಾಳದಂತೆ ಬಾಗಿದ ಬಿಲದೊಳಗೆ, ಲಗ್ ಎಂಬ ಹುಳು ಮಲಗಿದೆ. ಕುಳಿಯ ಕಡೆಯಿಂದ ಮರಳನ್ನು ನುಂಗಿ, ಅದರಲ್ಲಿನ ಸಾರವನ್ನು ಹೀರಿ, ಉಳಿದುದನ್ನು ಸುರುಳಿಯಾಗಿ ಮೇಲಕ್ಕೆ ದೂಡುವುದೇ ಅದರ ಜೀವನ. ತೋಟದ ಮುಳ್ಳುಗುದ್ದಲಿಯಿಂದ ಅದನ್ನು ಅಗೆದು ತೆಗೆಯಬೇಕು. ಅವಸರಪಟ್ಟರೆ ಹುಳು ತುಂಡಾಗುವುದು. ಎರಡು ಗಂಟೆ ಬೆನ್ನು ಬಾಗಿಸಿ ಅಗೆದವನಿಗೆ ಒಂದು ಸಂಜೆಗೆ ಸಾಕಾಗುವಷ್ಟು ಎರೆ ದೊರೆಯಬಹುದು. ಅಗೆದ ಗುಂಡಿಗಳನ್ನು ಮುಚ್ಚಿ ಬರುವುದು ಆ ತೀರದ ಮರ್ಯಾದೆ. ಮುಚ್ಚದವನನ್ನು ಇತರರು ಮಾತನಾಡಿಸುವುದಿಲ್ಲವೆಂದೇನೂ ಇಲ್ಲ, ಆದರೆ ಮಾತಿನ ಧಾಟಿ ಬೇರೆಯಾಗಿರುತ್ತದೆ.

ಹುಳುವಿಗಿಂತಲೂ ಬೆಲೆಯುಳ್ಳ ಎರೆ ಒಂದಿದೆ: ಚಿಪ್ಪು ಕಳಚಲಿರುವ ಏಡಿ. ಏಡಿಯ ಮೈ ಬೆಳೆದರೂ ಹೊರಗಿನ ಚಿಪ್ಪು ಬೆಳೆಯಲಾರದು. ಆದಕಾರಣ ಅದು ಹಳೆಯದನ್ನು ಒಡೆದು ಹೊರಬಂದು, ಹೊಸ ಚಿಪ್ಪು ಗಟ್ಟಿಯಾಗುವವರೆಗೆ ಪಾಚಿಯ ಅಡಿಯಲ್ಲಿ ಅಡಗಿರುತ್ತದೆ. ಆ ಮೆತ್ತನೆಯ ಮೈಯ ವಾಸನೆಗೆ ದೊಡ್ಡ ಮೀನುಗಳು ಹಾತೊರೆಯುತ್ತವೆ. ಬೇಸಗೆಯ ದಿನಗಳಲ್ಲಿ ಬಂಡೆಗಳ ನಡುವೆ ಕಲ್ಲೆತ್ತಿ ನೋಡಿದರೆ, ಗಂಡೇಡಿಯೊಂದು ಸಣ್ಣ ಹೆಣ್ಣನ್ನು ತನ್ನ ಹೊಟ್ಟೆಯ ಕೆಳಗೆ ಅವುಚಿಕೊಂಡಿರುವುದುಂಟು. ಆ ಹೆಣ್ಣು ಇಂದೋ ನಾಳೆಯೋ ಚಿಪ್ಪು ಕಳಚಲಿದೆ. ಅದಕ್ಕಾಗಿಯೇ ಗಂಡು ಕಾದಿರುವುದು. ಗಾಳಗಾರನು ಹೆಣ್ಣನ್ನು ಬುಟ್ಟಿಗೆ ಹಾಕಿ ಗಂಡನ್ನು ಬಿಟ್ಟುಬಿಡುತ್ತಾನೆ. ಕೊಕ್ಕೆಗೆ ಅದು ನಿರುಪಯೋಗಿ. ಕಲ್ಲನ್ನು ಮೊದಲಿದ್ದಂತೆಯೇ ಇಟ್ಟು ಹೊರಡುತ್ತಾನೆ. ಇದನ್ನು ದಯೆಯೆಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಆದರೂ ಕಲ್ಲನ್ನು ಮಗುಚಿದ ಹಾಗೆಯೇ ಬಿಟ್ಟುಹೋಗುವವನಿಗಿಂತ ಈತನು ಮೇಲು.

ಇನ್ನು ಬೀಸುವ ಮಾತು. ಹೊಸಬನು ತನ್ನ ತೋಳ್ಬಲವನ್ನೆಲ್ಲ ವೆಚ್ಚಮಾಡಿ ಸೀಸದ ಗುಂಡನ್ನು 100 ಗಜಕ್ಕೂ ಆಚೆ ಎಸೆಯುತ್ತಾನೆ. ಕಡಲು ದೊಡ್ಡದು, ಮೀನು ದೂರದಲ್ಲಿರಬೇಕೆಂಬುದು ಅವನ ತರ್ಕ. ಹಳಬನು ಮೊದಲು ಸುಮ್ಮನೆ ನಿಂತು ತೆರೆಗಳನ್ನು ಎಣಿಸುತ್ತಾನೆ. ಒಡೆಯುವ ತೆರೆ ಮರಳನ್ನು ಕಲಕಿ ಹುಳುವನ್ನೂ ಸಣ್ಣ ಮೀನುಗಳನ್ನೂ ಬಯಲಿಗೆ ತರುತ್ತದೆ. ಬಾಸ್ ಮೀನು ಅವನ್ನು ಅರಸಿಕೊಂಡು ಉಬ್ಬರದೊಡನೆ ತೆರೆಯ ಬುಡದವರೆಗೂ ಬರುತ್ತದೆ. ಬೆಳ್ಳಿಯ ಮೈ, ಬೆನ್ನ ಮೇಲೆ ಮುಳ್ಳಿನ ರೆಕ್ಕೆ, ನೊರೆಯಲ್ಲಿ ಈಜಬಲ್ಲ ಕಸುವು. ಎರಡನೆಯ ಮೂರನೆಯ ತೆರೆಯ ಹಿಂದೆಯೇ ಅದರ ಊಟದ ಪಂಕ್ತಿ. ಎಷ್ಟೋ ಸಲ ಹೊಸಬನ ಎರೆ ಮೀನಿನ ತಲೆಯ ಮೇಲಿಂದ ಹಾರಿ ಖಾಲಿ ನೀರಿನಲ್ಲಿ ಬೀಳುತ್ತದೆ. ಮೀನು ಅವನ ಕಾಲ ಬಳಿಯಲ್ಲೇ ಸುಳಿದಾಡುತ್ತಿರುತ್ತದೆ. ಹಳಬನು 40 ಗಜಕ್ಕೆ ಬೀಸಿ, ದಾರವನ್ನು ಎರಡು ಬೆರಳ ನಡುವೆ ಹಿಡಿದು ನಿಲ್ಲುತ್ತಾನೆ. ಕತ್ತಲಾದ ಮೇಲೆ ಕಣ್ಣಿಗೆ ಕೆಲಸವಿಲ್ಲ, ಬೆರಳೇ ಕಣ್ಣು. ತೆರೆಯ ಎಳೆತ ಒಂದು ಬಗೆ, ಪಾಚಿಯ ಭಾರ ಇನ್ನೊಂದು. ಒಮ್ಮೊಮ್ಮೆ ದಾರವು ಇದ್ದಕ್ಕಿದ್ದಂತೆ ಸಡಿಲಗೊಳ್ಳುತ್ತದೆ. ಹೊಸಬನು ಗಾಳ ಹರಿಯಿತೆಂದು ಪೇಚಾಡುವ ಆ ಗಳಿಗೆಯಲ್ಲಿ, ಮೀನು ಎರೆಯನ್ನು ಕಚ್ಚಿಕೊಂಡು ದಡದ ಕಡೆಗೇ ಬರುತ್ತಿರುತ್ತದೆ.

ಎಲ್ಲ ತೀರವೂ ಇಂಚಿನಂತಲ್ಲ. ಕ್ಲೇರ್ ಸೀಮೆಯ ಬಂಡೆಗಳಲ್ಲಿ ರ‍್ಯಾಸ್ ಎಂಬ ದಪ್ಪ ತುಟಿಯ ಮೀನಿಗೆ ಏಡಿಯ ತುಂಡನ್ನು ಸಂದಿಗಳೊಳಕ್ಕೆ ಇಳಿಬಿಡುತ್ತಾರೆ. ಸೀಸದ ಗುಂಡು ಸಂದಿನಲ್ಲಿ ಸಿಕ್ಕಿ ನಷ್ಟವಾಗುವುದು ಖಂಡಿತವೆಂದು, ಅದರ ಬದಲು ತೂತಿನ ಕಲ್ಲನ್ನೋ ಮೋಟಾರಿನ ಹಳೆಯ ಪ್ಲಗ್ಗನ್ನೋ ಬಡಕಲು ದಾರದಿಂದ ಕಟ್ಟುವ ಜಾಣತನವುಂಟು. ಅಲ್ಲಿ ಎಚ್ಚರ ತಪ್ಪಿದರೆ ನಷ್ಟವಾಗುವುದು ಕಲ್ಲು ಮಾತ್ರವಲ್ಲ. ಶಾಂತವಾಗಿ ಕಂಡ ಕಡಲಿನಿಂದ ಒಂದೇ ದೊಡ್ಡ ಅಲೆ ಎದ್ದು ಬಂಡೆಯನ್ನು ತೊಳೆದುಬಿಡುವುದು. ಮೂಡಣದ ವಿಕ್ಲೋ ತೀರದ ನುರುಜುಗಲ್ಲಿನ ದಡಗಳಲ್ಲಿ ಚಳಿಗಾಲದ ರಾತ್ರಿ ಕಾಡ್ ಮರಿಗಳಿಗಾಗಿ ಕಾಯುತ್ತಾರೆ. ಬೇಸಗೆಯ ಕೊನೆಯಲ್ಲಿ ಹಡಗುಕಟ್ಟೆಗಳ ಮೇಲೆ ಮಕ್ಕಳು, ಮುದುಕರು ಸೇರಿ ನಮ್ಮ ಬಂಗುಡೆಯ ದಾಯಾದಿಯಾದ ಮ್ಯಾಕೆರೆಲ್ಲನ್ನು ಬಣ್ಣದ ಗರಿ ಕಟ್ಟಿದ ಗಾಳಗಳಿಂದ ಒಂದೇ ಸಲಕ್ಕೆ ನಾಲ್ಕೈದರಂತೆ ಎತ್ತುತ್ತಾರೆ. ಅದು ಸಂತೆಯ ಸಂತೋಷ, ಕಲಿಯಬೇಕಾದುದು ಹೆಚ್ಚಿಲ್ಲ.

ಬಾಸ್ ಮೀನಿನ ಸಂಗತಿ ಬೇರೆ. ಐರ್ಲೆಂಡಿನ ತಣ್ಣೀರಿನಲ್ಲಿ ಅದು ಬಲು ನಿಧಾನವಾಗಿ ಬೆಳೆಯುತ್ತದೆ. ಹೆಣ್ಣುಮೀನು ಐದಾರು ವರ್ಷ ಕಳೆಯದೆ ಮೊಟ್ಟೆಯಿಡುವುದಿಲ್ಲ. 10 ಪೌಂಡು ತೂಗುವ ಮೀನೆಂದರೆ ಗಾಳಗಾರನು ಆಯುಷ್ಯವೆಲ್ಲ ನೆನೆಯುವ ಮೀನು. 1955ರಲ್ಲಿ ಸ್ಥಾಪಿತವಾದ ಅಲ್ಲಿನ ಮಾದರಿ ಮೀನುಗಳ ಸಮಿತಿಯೂ ಅದೇ ತೂಕವನ್ನು ಗೊತ್ತುಮಾಡಿದೆ. ಅಂಥ ಮೀನಿನ ಹಿಂದೆ ಹದಿನೈದಿಪ್ಪತ್ತು ಚಳಿಗಾಲಗಳಿವೆ. ಒಂದು ಬಲೆ ಅಂಥ ಹತ್ತಾರನ್ನು ಒಂದೇ ರಾತ್ರಿಯಲ್ಲಿ ಎಳೆಯಬಲ್ಲುದು. ಹಾಗೆ ಎಳೆದೂ ಎಳೆದೂ ಮೀನು ವಿರಳವಾದ ಮೇಲೆ, 1990ರಲ್ಲಿ ಐರ್ಲೆಂಡಿನ ಸರಕಾರವು ವ್ಯಾಪಾರಕ್ಕಾಗಿ ಬಾಸ್ ಹಿಡಿಯುವುದನ್ನೇ ನಿಲ್ಲಿಸಿತು. ಬಲೆಯವರ ಹೊಟ್ಟೆಪಾಡು ಕೆಟ್ಟು ಕೋಲಿನವರ ವಿನೋದ ಉಳಿಯಿತೆಂದು ಅಂದು ಯಾರಾದರೂ ದೂರಿದ್ದರೆ ಅದರಲ್ಲಿ ಸುಳ್ಳೇನಿಲ್ಲ. ಆದರೆ ಕೋಲಿನವರಿಗೂ ಕಟ್ಟಳೆಗಳುಂಟು: 42 ಸೆಂಟಿಮೀಟರಿಗಿಂತ ಗಿಡ್ಡನೆಯದನ್ನು ಇಟ್ಟುಕೊಳ್ಳಕೂಡದು, ದಿನಕ್ಕೆ ಇಷ್ಟೇ ಎಂದು ಲೆಕ್ಕ, ವರ್ಷದ ಕೆಲವು ಕಾಲ ಒಂದನ್ನೂ ಮನೆಗೆ ಒಯ್ಯುವಂತಿಲ್ಲ.

ಆದ್ದರಿಂದ ಕತ್ತಲಲ್ಲಿ ನಿಂತವನ ಕೋಲು ಬಾಗಿ, ಹಿಮ್ಮರಳುವ ತೆರೆಯೊಡನೆ ದಾರವನ್ನು ಬಿಡುತ್ತ, ಮುನ್ನುಗ್ಗುವ ತೆರೆಯೊಡನೆ ಸುತ್ತುತ್ತ, ಕೊನೆಗೆ ಆ ಬೆಳ್ಳಿಯ ಮೈ ದೀಪದ ಬೆಳಕಿಗೆ ಬಂದಾಗ, ಮೊದಲು ಹೊರಬರುವುದು ಅಳತೆಯ ಪಟ್ಟಿ. ಅಳತೆಗೆ ಮೀರಿದ ಮೀನನ್ನೂ ಅನೇಕರು ತಲೆಯನ್ನು ತೆರೆಯ ಕಡೆಗೆ ಮಾಡಿ ಎರಡು ಕೈಯಲ್ಲಿ ಹಿಡಿದು, ಅದು ತಾನಾಗಿ ಬಾಲ ಬಡಿಯುವವರೆಗೆ ಕಾಯುತ್ತಾರೆ. ಅಷ್ಟರೊಳಗೆ ಉಬ್ಬರವು ಸಂಜೆ ಅಗೆದ ಮರಳಿನ ಮೇಲೆ ಹಾದುಹೋಗಿರುತ್ತದೆ. ಉಳಿದ ಹುಳುಗಳನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಆತನು ದಿಬ್ಬದ ಕಡೆಗೆ ನಡೆಯುತ್ತಾನೆ. ಮುಂದಿನ ಇಳಿತಕ್ಕೆ ಇನ್ನು ಆರು ಗಂಟೆ.