ಕಣ್ಣಿಗೆ ಕಾಣದ ಬಿಡಿಭಾಗ

ವ್ಯಾಪಾರದಲ್ಲಿ ಪ್ರಾಮಾಣಿಕತೆಯ ಮಾತು ಬಂದಾಗ ನಮ್ಮ ಹಿರಿಯರು ತಕ್ಕಡಿಯ ಉದಾಹರಣೆಯನ್ನು ಕೊಡುವುದು ವಾಡಿಕೆ. ಉದಾಹರಣೆ ಒಳ್ಳೆಯದೇ ಸರಿ. ಆದರೆ ಅದರಲ್ಲೊಂದು ಅನುಕೂಲವುಂಟು. ತೂಕದಲ್ಲಿ ಸಂದೇಹ ಬಂದ ಗಿರಾಕಿಯು ಇನ್ನೊಂದು ಅಂಗಡಿಯಲ್ಲಿ ತೂಗಿಸಿ ನೋಡಬಲ್ಲನು. ಜೋಳವನ್ನು ಅಂಗೈಯಲ್ಲಿ ಹರವಿ ಹುಳು ಹಿಡಿದಿದೆಯೇ ಎಂದು ಪರೀಕ್ಷಿಸಬಹುದು. ಬಟ್ಟೆಯನ್ನು ಬೆಳಕಿಗೆ ಹಿಡಿಯಬಹುದು. ಒಣದ್ರಾಕ್ಷಿಯನ್ನು ಬಾಯಿಗೆ ಹಾಕಿಕೊಂಡು ರುಚಿ ನೋಡಬಹುದು. ಕೊಳ್ಳುವವನ ಕಣ್ಣು, ಕೈ, ನಾಲಗೆಗಳು ಮಾರುವವನ ಮೇಲೆ ಕಾವಲಿದ್ದಂತೆ. ಈ ಕಾವಲು ಸ್ವಲ್ಪವೂ ಇಲ್ಲದ ಸರಕನ್ನು ಮಾರುವವನ ಧರ್ಮ ಯಾವುದು? ಈ ಪ್ರಶ್ನೆಯನ್ನು ಒಂದು ಹಳೆಯ ಲಾರಿಯ ದುರಸ್ತಿಯ ನಿಮಿತ್ತವಾಗಿ ಇಲ್ಲಿ ವಿಚಾರಿಸಲು ಇಚ್ಛಿಸುತ್ತೇನೆ.

ತಿಕೋಟಾದ ಹತ್ತಿರ ನಮ್ಮ ಮನೆತನದ ದ್ರಾಕ್ಷಿ ತೋಟವಿದೆ. ವಿಜಯಪುರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರು ದೂರ. ಅಲ್ಲಿನ ಶೆಡ್ಡಿನಲ್ಲಿ ನಮ್ಮ ಅಜ್ಜ ಕೊಂಡ ಫಾರ್ಗೊ ಲಾರಿಯೊಂದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ಇಂದಿನ ತರುಣರಿಗೆ ಈ ಹೆಸರೇ ಅಪರಿಚಿತ. ಸೊಲ್ಲಾಪುರದಲ್ಲಿ 1882ರಲ್ಲಿ ಜನಿಸಿದ ಶೇಠ ವಾಲಚಂದ ಹಿರಾಚಂದ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿಯನ್ನು ಸ್ಥಾಪಿಸಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ಸಹಯೋಗದಿಂದ ಮುಂಬಯಿಯ ಕುರ್ಲಾದ ಕಾರಖಾನೆಯಲ್ಲಿ ಡಾಜ್ ಮತ್ತು ಫಾರ್ಗೊ ಲಾರಿಗಳು ಸಿದ್ಧವಾಗತೊಡಗಿದವು. ನಮ್ಮ ಜಿಲ್ಲೆ 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿತ್ತಾದ್ದರಿಂದ ನಮ್ಮವರ ವ್ಯವಹಾರವೆಲ್ಲ ಸೊಲ್ಲಾಪುರ, ಮುಂಬಯಿಗಳ ಕಡೆಗೇ ಇತ್ತು. ನೆರೆಯೂರಿನ ಜೈನ ಗೃಹಸ್ಥರೊಬ್ಬರು ಕಟ್ಟಿದ ಕಾರಖಾನೆಯ ಲಾರಿ ಎಂಬ ಅಭಿಮಾನವೂ ಅಜ್ಜನಿಗೆ ಇದ್ದಿತು.

ಆ ಲಾರಿಗೆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. 1954ರಲ್ಲಿ ಟಾಟಾ ಕಂಪನಿಯು ಜರ್ಮನಿಯ ಡೈಮ್ಲರ್-ಬೆಂಝ್ ಸಹಯೋಗದಲ್ಲಿ ಡೀಸೆಲ್ ಲಾರಿಗಳನ್ನು ಹೊರತಂದ ಮೇಲೆ ಪೆಟ್ರೋಲ್ ಲಾರಿಗಳು ಕ್ರಮೇಣ ಹಿಂದೆ ಸರಿದವು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಕಿಡಿಯ ಅಗತ್ಯವಿಲ್ಲ. ಪೆಟ್ರೋಲ್ ಎಂಜಿನ್ನಿಗಾದರೋ ಪ್ರತಿಯೊಂದು ಸಿಲಿಂಡರಿನಲ್ಲಿ ಸರಿಯಾದ ಕ್ಷಣಕ್ಕೆ ಕಿಡಿ ಬೀಳಲೇಬೇಕು. ಆರು ವೋಲ್ಟಿನ ಬ್ಯಾಟರಿಯ ಅಲ್ಪ ಶಕ್ತಿಯನ್ನು ಕಾಯಿಲು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ. ಡಿಸ್ಟ್ರಿಬ್ಯೂಟರು ಅದನ್ನು ಒಂದು, ಐದು, ಮೂರು, ಆರು, ಎರಡು, ನಾಲ್ಕು ಎಂಬ ಕ್ರಮದಲ್ಲಿ ಸಿಲಿಂಡರುಗಳಿಗೆ ಹಂಚುತ್ತದೆ. ಎಂಜಿನ್ನು ನಿಮಿಷಕ್ಕೆ 2000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿಗಳು ಬೇಕಾಗುತ್ತವೆ. ಡಿಸ್ಟ್ರಿಬ್ಯೂಟರಿನೊಳಗಿನ ಪಾಯಿಂಟುಗಳು ಸೆಕೆಂಡಿಗೆ ಅಷ್ಟು ಸಲ ತೆರೆದು ಮುಚ್ಚಬೇಕು.

ಕಳೆದ ಕೆಲವು ವರ್ಷಗಳಿಂದ ಲಾರಿಯು ಮುಗ್ಗರಿಸಲು ಆರಂಭಿಸಿತ್ತು. ದ್ರಾಕ್ಷಿಯ ಕೊಯಿಲಿನ ದಿನಗಳಲ್ಲಿ ಅದನ್ನು ಮತ್ತೆ ದುಡಿಸಬೇಕೆಂದು ನಮ್ಮ ದೊಡ್ಡಪ್ಪನ ಮಗ ಅದನ್ನು ನಗರದ ಒಂದು ಗ್ಯಾರೇಜಿಗೆ ಕಳುಹಿಸಿದನು. ಅಲ್ಲಿಯವರು ನೋಡಿದ ದೋಷ ನಿಜವಾದದ್ದೇ. ಡಿಸ್ಟ್ರಿಬ್ಯೂಟರಿನ ದಂಡವು ಕುಳಿತುಕೊಳ್ಳುವ ಬುಶ್ ಸವೆದು ದಂಡ ಅಲುಗಾಡುತ್ತಿತ್ತು. ದಂಡ ಅಲುಗಿದರೆ ಪಾಯಿಂಟುಗಳ ನಡುವಿನ ಅಂತರ ಒಂದೊಂದು ಸಿಲಿಂಡರಿಗೆ ಒಂದೊಂದು ರೀತಿಯಾಗುತ್ತದೆ. ಮೇಲಿನ ಕ್ಯಾಪಿನಲ್ಲಿ ಕೂದಲೆಳೆಯಂಥ ಬಿರುಕೂ ಇತ್ತು. ಮುಂಬಯಿಯ ಹಳೆಯ ಸಾಮಾನಿನ ಪೇಟೆಯಿಂದ ಅದೇ ಜಾತಿಯ ಇನ್ನೊಂದು ಡಿಸ್ಟ್ರಿಬ್ಯೂಟರನ್ನು ತರಿಸಲಾಯಿತು. ಕ್ಯಾಪು, ರೋಟರು, ಪಾಯಿಂಟು, ಕಂಡೆನ್ಸರು, ಪ್ಲಗ್ಗು, ತಂತಿ ಎಲ್ಲವೂ ಹೊಸದಾದವು. ಬಿಲ್ಲೂ ದೊಡ್ಡದಾಯಿತು. ತೆಗೆದ ಹಳೆಯ ಭಾಗಗಳನ್ನು ನಮ್ಮ ಚಾಲಕನು ಕೇಳಿ, ಒಂದು ಚೀಲದಲ್ಲಿ ಕಟ್ಟಿಸಿಕೊಂಡು ಬಂದನು.

ಲಾರಿ ಮುಂಜಾನೆ ಒಂದೇ ಸೆಳೆತಕ್ಕೆ ಶುರುವಾಗುತ್ತಿತ್ತು. ಹತ್ತು ಹನ್ನೆರಡು ಕಿಲೋಮೀಟರು ಹೋದ ಮೇಲೆ ಎಂಜಿನ್ನು ಕಾದಾಗ ಸಿಡಿಗುಟ್ಟಿ ನಿಲ್ಲುತ್ತಿತ್ತು. ಅರ್ಧ ತಾಸು ತಣ್ಣಗಾದರೆ ಮತ್ತೆ ಹೊರಡುವುದು. ಗ್ಯಾರೇಜಿನವರು ಪೆಟ್ರೋಲಿನ ದೋಷವೆಂದರು. ಬಳಿಕ ಕಾಯಿಲಿನ ದೋಷವೆಂದು ಅದನ್ನೂ ಬದಲಿಸಿದರು. ಫಲವಾಗಲಿಲ್ಲ. ಒಂದು ಇಳಿಸಂಜೆ ತಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ಲಾರಿಯು ರಸ್ತೆಯ ತಿರುವಿನಲ್ಲೇ ನಿಂತುಬಿಟ್ಟಿತು. ಸೈಕಲ್ ಮೋಟಾರಿನ ಮೇಲೆ ಬರುತ್ತಿದ್ದ ದಂಪತಿಗಳು, ಮುಂದೆ ಮಗುವನ್ನು ಕೂಡಿಸಿಕೊಂಡವರು, ಕೂದಲೆಳೆಯಲ್ಲಿ ಪಾರಾದರು. ಚಾಲಕನು ಆ ರಾತ್ರಿ ಊಟ ಮಾಡಲಿಲ್ಲ. "ಅಣ್ಣಾರ, ಗಾಡಿ ನಿಂತರ ನಿಲ್ಲಲಿ, ಆ ಕೂಸಿನ ಮಾರಿ ನನ್ನ ಕಣ್ಣಾಗಿಂದ ಹೋಗವಲ್ದು" ಎಂದನು. ದುರಸ್ತಿಯ ಮಾತು ಹಣದ ಲೆಕ್ಕವನ್ನು ದಾಟಿ ಜೀವದ ಲೆಕ್ಕಕ್ಕೆ ಬಂದಿತ್ತು.

ಮರುದಿನ ಬಬಲೇಶ್ವರದ ವೃದ್ಧ ಮಿಸ್ತ್ರಿಯೊಬ್ಬರನ್ನು ಕರೆತಂದೆವು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಾರೆ. ಅವರು ಯಾವ ಭಾಗವನ್ನೂ ಬದಲಿಸುವ ಮಾತಾಡಲಿಲ್ಲ. ಮೊದಲು ಡಿಸ್ಟ್ರಿಬ್ಯೂಟರಿನ ಕ್ಯಾಪು ತೆಗೆದು ಪಾಯಿಂಟುಗಳನ್ನು ನೋಡಿದರು. ಹೊಸ ಪಾಯಿಂಟುಗಳು ಕೆಲವೇ ದಿನಗಳಲ್ಲಿ ಸುಟ್ಟು ಕಪ್ಪಾಗಿದ್ದವು. ಎಂಜಿನ್ನನ್ನು ಕಾಯಿಸಿ, ನಿಂತ ಕೂಡಲೇ ಕಿಡಿಯನ್ನು ಪರೀಕ್ಷಿಸಿದರು. ನೀಲಿಯಾಗಿ ಚಟ್ಟೆಂದು ಹಾರಬೇಕಾದ ಕಿಡಿ ಹಳದಿಯಾಗಿ ಕ್ಷೀಣವಾಗಿತ್ತು. "ಹಳೆ ಸಾಮಾನಿನ ಚೀಲ ತರ್ರಿ" ಎಂದರು. ಅದರಲ್ಲಿದ್ದ ಹಳೆಯ ಕಂಡೆನ್ಸರನ್ನು ಒರೆಸಿ, ಹೊಸದರ ತಂತಿ ಬಿಚ್ಚಿ, ಅದರ ಜಾಗದಲ್ಲಿ ಕೂಡಿಸಿದರು. ಪಾಯಿಂಟುಗಳನ್ನು ತಿಕ್ಕಿ ಅಂತರವನ್ನು ಇಂಚಿನ ಸಾವಿರ ಭಾಗಗಳಲ್ಲಿ ಇಪ್ಪತ್ತು ಭಾಗಕ್ಕೆ, ಅಂದರೆ ಸುಮಾರು ಅರ್ಧ ಮಿಲಿಮೀಟರಿಗೆ, ಇಟ್ಟರು. ಅಂತರ ಬದಲಾದರೆ ಕಿಡಿಯ ಹೊತ್ತೂ ಬದಲಾಗುವುದರಿಂದ ಬಳಿಕ ಚಿಕ್ಕ ಬಲ್ಬೊಂದನ್ನು ಜೋಡಿಸಿ, ಪಾಯಿಂಟು ತೆರೆಯುವ ಕ್ಷಣಕ್ಕೆ ಅದು ಹೊತ್ತುವುದನ್ನು ನೋಡಿ ಟೈಮಿಂಗನ್ನು ಸರಿಪಡಿಸಿದರು. ಆ ದಿನ ಲಾರಿಯು ವಿಜಯಪುರಕ್ಕೆ ಹೋಗಿ ಬಂದಿತು, ಎಲ್ಲಿಯೂ ನಿಲ್ಲಲಿಲ್ಲ.

ಕಂಡೆನ್ಸರು ಎಂಬುದು ಹೆಬ್ಬೆರಳಿನಷ್ಟು ಗಾತ್ರದ ಲೋಹದ ಡಬ್ಬಿ. ಒಳಗೆ ಲೋಹದ ತೆಳು ಹಾಳೆಯನ್ನೂ ಕಾಗದದ ಪಟ್ಟಿಯನ್ನೂ ಸುರುಳಿ ಸುತ್ತಿ ಮುಚ್ಚಿರುತ್ತಾರೆ. ಹರಿಯುವ ಕಾಲುವೆಗೆ ತಟ್ಟನೆ ಬಾಗಿಲು ಹಾಕಿದರೆ ನೀರು ದಂಡೆ ಮೀರಿ ಉಕ್ಕುತ್ತದೆ. ಪಕ್ಕದಲ್ಲೊಂದು ಹೊಂಡವಿದ್ದರೆ ಉಕ್ಕಿದ ನೀರು ಅದರಲ್ಲಿ ತಂಗುತ್ತದೆ. ಪಾಯಿಂಟುಗಳು ತೆರೆದಾಗ ಉಕ್ಕುವ ವಿದ್ಯುತ್ತಿಗೆ ಕಂಡೆನ್ಸರು ಅಂಥ ಹೊಂಡ. ಅದು ಕೆಟ್ಟರೆ ಪಾಯಿಂಟುಗಳ ನಡುವೆಯೇ ಕಿಡಿ ಹಾರಿ ಅವು ಸುಡುತ್ತವೆ. ಪ್ಲಗ್ಗಿಗೆ ತಲುಪಬೇಕಾದ ಶಕ್ತಿ ಕುಂದುತ್ತದೆ. ಸುಟ್ಟ ಪಾಯಿಂಟು ಕಣ್ಣಿಗೆ ಕಾಣುತ್ತದೆ, ಬಿರುಕುಬಿಟ್ಟ ಕ್ಯಾಪು ಕಾಣುತ್ತದೆ, ಸವೆದ ದಂಡ ಬೆರಳಿಗೆ ಗೊತ್ತಾಗುತ್ತದೆ. ಕಂಡೆನ್ಸರು ಮಾತ್ರ ಒಳ್ಳೆಯದಾದರೂ ಕೆಟ್ಟದ್ದಾದರೂ ಹೊರಗಿನಿಂದ ಒಂದೇ ರೂಪ. ತಣ್ಣಗಿರುವಾಗ ಸರಿಯಾಗಿದ್ದು, ಕಾದಾಗ ಮಾತ್ರ ಕೈಕೊಡುವ ಕಂಡೆನ್ಸರುಗಳೂ ಉಂಟು. ಡಿಸ್ಟ್ರಿಬ್ಯೂಟರಿನ ಭಾಗಗಳಲ್ಲೆಲ್ಲ ಅಗ್ಗವಾದದ್ದು ಇದು; ಗಿರಾಕಿ ಮಾರುವವನ ನಾಲಗೆಯನ್ನೇ ನಂಬಿ ಕೊಳ್ಳಬೇಕಾದದ್ದೂ ಇದೇ.

ನಮ್ಮ ಕಾಕಾ ಆಗಿನ ಬಿಜಾಪುರದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. 1970ರ ದಶಕದ ಒಂದು ಬೇಸಿಗೆಯಲ್ಲಿ ಪರವೂರಿನ ವ್ಯಾಪಾರಿಯೊಬ್ಬನಿಂದ ಅವರಿಗೆ 24 ಕಂಡೆನ್ಸರುಗಳ ಪೆಟ್ಟಿಗೆ ಬಂದಿತು. ಪೆಟ್ಟಿಗೆಯ ಮೇಲಿನ ಅಚ್ಚು ಅಂದವಾಗಿತ್ತು, ಬೆಲೆ ಕಡಿಮೆಯಿತ್ತು. ಮೊದಲ ವಾರವೇ ಒಬ್ಬ ಚಾಲಕನು ಒಂದನ್ನು ಹಿಂದಕ್ಕೆ ತಂದು, "ಸಾವ್ಕಾರ್ರ, ಇದು ಕಾದರ ಸಾಯತೈತಿ" ಎಂದನು. ಕಾಕಾ ಅವನ ಹಣವನ್ನು ಮರಳಿಸಿ, ಪೆಟ್ಟಿಗೆಯನ್ನು ಮಾರಾಟದಿಂದ ತೆಗೆದಿರಿಸಿದರು. ಉಳಿದ 23ನ್ನು ಮಾಪಕಕ್ಕೆ ಹಚ್ಚಿದಾಗ ಆರು ಆಗಲೇ ಕೆಟ್ಟಿದ್ದವು. ಮಿಕ್ಕವನ್ನು ತಗಡಿನ ತಟ್ಟೆಯಲ್ಲಿ ಮಾಳಿಗೆಯ ಮೇಲೆ ಮಧ್ಯಾಹ್ನದ ಬಿಸಿಲಿಗೆ ಇಟ್ಟು, ಬಿಸಿಯಿರುವಾಗಲೇ ಮತ್ತೆ ಪರೀಕ್ಷಿಸಿದರು. ಇನ್ನೂ ನಾಲ್ಕು ಕೆಟ್ಟವು. ಮಾರಿದವನು ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಲು ಒಪ್ಪಲಿಲ್ಲ.

ಕಾಕಾನ ಹಿರಿಯ ಮಗ ಆಗಷ್ಟೇ ಅಂಗಡಿಗೆ ಕೂಡತೊಡಗಿದ್ದನು. "ಅಪ್ಪಾ, ಹದಿಮೂರು ಚಲೋ ಅದಾವ. ಅವನ್ನರ ಮಾರೋಣು" ಎಂದನು. ಅವನ ಮಾತಿನಲ್ಲಿ ವಂಚನೆ ಇರಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಸರಕನ್ನು ಮಾರುವುದು ತಪ್ಪೇ? ಕಾಕಾ ಹೇಳಿದ್ದು ನನಗಿನ್ನೂ ನೆನಪಿದೆ: "ತಮ್ಮಾ, ಇವತ್ತಿನ ಬಿಸಲಿಗೆ ಗೆದ್ದಾವ. ನಾಳಿನ ಮಾತು ನನಗ ಗೊತ್ತಿಲ್ಲ. ನನಗ ಗೊತ್ತಿಲ್ಲದ್ದನ್ನ ಗಿರಾಕಿಗಿ ಗೊತ್ತೈತಿ ಅಂತ ಹೆಂಗ ಮಾರ್ಲಿ?" ಕೆಟ್ಟವನ್ನು ಸುತ್ತಿಗೆಯಿಂದ ಜಜ್ಜಿಸಿದರು, ಗುಜರಿಗೆ ಹಾಗೆಯೇ ಹಾಕಿದರೆ ಯಾರಾದರೂ ತೊಳೆದು ಮತ್ತೆ ಪೆಟ್ಟಿಗೆಗೆ ತುಂಬಿಯಾರೆಂಬ ಆಲೋಚನೆ ಅವರದು. ಆ ಹದಿಮೂರನ್ನು ಮಾರದೆ ನಮ್ಮ ಮನೆಯ ಲಾರಿಗೆಂದು ತೆಗೆದಿರಿಸಿದರು. ಚಾಲಕನಿಗೆ ಸಂಗತಿಯನ್ನೆಲ್ಲ ತಿಳಿಸಿ, ನಂಬಿಗಸ್ತ ಕಂಪನಿಯ ಒಂದು ಕಂಡೆನ್ಸರನ್ನು ಅವನ ಪೆಟ್ಟಿಗೆಯಲ್ಲಿ ಸದಾ ಇರಿಸಿದರು. ಅನುಮಾನದ ಸರಕಿನ ಭಾರವನ್ನು ಅಪರಿಚಿತನ ಹೆಗಲಿಗೆ ಹೊರಿಸದೆ ತಾವೇ ಹೊತ್ತುಕೊಂಡರು.

ಅಂದು ಆ ಅಂಗಡಿಗೆ ಬಂದ ಗಿರಾಕಿಗಳಿಗೆ ಈ ಸಂಗತಿ ಗೊತ್ತಾಗಲಿಲ್ಲ. ತಮಗೆ ತಗಲದೆ ಹೋದ ಕೇಡಿಗೆ ಯಾರೂ ಕೃತಜ್ಞತೆ ಹೇಳಲಾರರು. ನಮ್ಮ ಚಾಲಕನು ತಿರುವಿನಲ್ಲಿ ಕಂಡ ಆ ಮಗುವಿನ ಮುಖವನ್ನು ನೆನೆದಾಗ ಕಾಕಾ ಉಳಿಸಿದ್ದು ಏನನ್ನು ಎಂಬುದು ನನಗೆ ಸ್ಪಷ್ಟವಾಗುತ್ತದೆ. ಕೆಟ್ಟ ಕಂಡೆನ್ಸರನ್ನು ಮಾರಿದವನು ಆ ಮಗುವನ್ನು ಕಂಡವನಲ್ಲ. ಅದಕ್ಕೆ ಕೇಡು ಬಯಸಿದವನೂ ಅಲ್ಲ. ಆದರೂ ಅವನ ಅಂಗಡಿಯ ಕಟ್ಟೆಯಿಂದ ಆ ತಿರುವಿನವರೆಗೆ ಒಂದು ದಾರಿ ಉಂಟು. ಅಹಿಂಸೆಯನ್ನು ಕುರಿತು ಯೋಚಿಸುವಾಗ ನಾವು ಕೈಯಾರೆ ಮಾಡುವ ಹಿಂಸೆಯನ್ನು ಎಣಿಸುತ್ತೇವೆ. ನಮ್ಮ ಉದಾಸೀನತೆ ಬಹುದೂರ ನಡೆದುಹೋಗಿ ಮಾಡುವ ಹಿಂಸೆಯನ್ನೂ ಎಣಿಸತಕ್ಕದ್ದು.

ಉಸ್ತಾದರ ನಡತೆಯಲ್ಲಿಯೂ ನಮಗೆ ಪಾಠವಿದೆ. ದೋಷ ತಿಳಿಯದಿದ್ದಾಗ ಎಲ್ಲ ಭಾಗಗಳನ್ನೂ ಬದಲಿಸುವುದು ಸುಲಭ, ಬಿಲ್ಲೂ ಬೆಳೆಯುತ್ತದೆ. ಒಂದೊಂದನ್ನೇ ಪರೀಕ್ಷಿಸಿ, ಕೆಟ್ಟದ್ದನ್ನು ಮಾತ್ರ ತೆಗೆಯುವುದಕ್ಕೆ ಹೊತ್ತು ಬೇಕು, ವಿದ್ಯೆ ಬೇಕು, ಆದಾಯ ಕಡಿಮೆ. ಹಾಗೆಂದು ದುಂದು ಮಾಡಬಾರದೆಂಬ ನೆಪದಲ್ಲಿ ಸವೆದ ದಂಡವನ್ನೂ ಬಿರಿದ ಕ್ಯಾಪನ್ನೂ ಉಳಿಸಿಕೊಳ್ಳುವುದು ಮಿತವ್ಯಯವಾಗದು. ಅದು ಬರೀ ಜಿಪುಣತನ. ಪರೀಕ್ಷಿಸದೆ ಬದಲಿಸುವವನೂ ಪರೀಕ್ಷಿಸದೆ ಉಳಿಸಿಕೊಳ್ಳುವವನೂ ಒಂದೇ ಕರ್ತವ್ಯವನ್ನು ತಪ್ಪಿಸಿಕೊಳ್ಳುತ್ತಾರೆ.

ಇಂದು ಡಿಸ್ಟ್ರಿಬ್ಯೂಟರು ಇರುವ ವಾಹನಗಳೇ ಅಪರೂಪ. ಅಂಬಾಸಡರ್ ಕಾರಿನ ತಯಾರಿಕೆಯೂ 2014ರಲ್ಲಿ ನಿಂತುಹೋಯಿತು. ಆದರೆ ಕಣ್ಣಿಗೆ ಕಾಣದ ಭಾಗಗಳು ನಮ್ಮ ಸುತ್ತ ಹೆಚ್ಚಾಗಿವೆಯೇ ಹೊರತು ಕಡಿಮೆಯಾಗಿಲ್ಲ. ಬಸದಿಯ ಗೋಡೆಯೊಳಗೆ ಹುದುಗಿಸಿದ ವಿದ್ಯುತ್ ತಂತಿ, ನೆಲದಡಿಯ ಅರ್ಥಿಂಗ್ ಗುಂಡಿ, ಯಾತ್ರಿಕರ ವಸತಿಗೃಹದ ಗ್ಯಾಸ್ ಕೊಳವೆ, ಔಷಧಿಯ ಗುಳಿಗೆ, ಬಾವಿಯೊಳಗಿನ ಪಂಪು, ಇವೆಲ್ಲ ಅದೇ ಜಾತಿಯವು. ಸಂಸ್ಥೆಗಳ ವಿಶ್ವಸ್ತರು ಕಾಮಗಾರಿ ಮಾಡಿಸುವಾಗ ಮೂರು ಸಂಗತಿಗಳನ್ನು ರೂಢಿಸಿಕೊಳ್ಳುವುದು ಉಚಿತವೆಂದು ನನ್ನ ವಿನಂತಿ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಬೇಕು. ಯಾವ ಪರೀಕ್ಷೆಯಿಂದ ದೋಷ ತಿಳಿಯಿತೆಂಬುದನ್ನು ಬಿಲ್ಲಿನ ಜೊತೆಗೆ ಬರೆಸಿಕೊಳ್ಳಬೇಕು. ಗೋಡೆ ಮುಚ್ಚುವ ಮುನ್ನ, ಗುಂಡಿ ತುಂಬುವ ಮುನ್ನ, ಬಲ್ಲವರೊಬ್ಬರು ಕಣ್ಣಾರೆ ನೋಡಬೇಕು.

ನಮ್ಮಲ್ಲಿ ಮಾರುವ ಬಂಧುಗಳೇ ಹೆಚ್ಚು. ಅವರಿಗೆ ನನ್ನದು ಒಂದೇ ಮಾತು. ಗಿರಾಕಿಗೆ ನೋಡಲು ಸಾಧ್ಯವಿಲ್ಲದ ಕಡೆ ಅವನ ಪರವಾಗಿ ನೋಡುವ ಕಣ್ಣು ಅಂಗಡಿಕಾರನದಾಗಬೇಕು. ಅವನು ಕೊಡುವ ಹಣದಲ್ಲಿ ಆ ನೋಟದ ಬೆಲೆಯೂ ಸೇರಿದೆ.