ಮಾಂಡೋವಿಯ ದಡದಲ್ಲಿ ಇಪ್ಪತ್ತೊಂದರ ಗೆರೆ

ಕೊಡಂಬಲದಿಂದ ಗೋವಾಕ್ಕೆ ಹೊರಟಿದ್ದೇವೆಂಬ ಸುದ್ದಿ ಕೇಳಿ, ಊರ ಹೋಟೆಲಿನ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದರು: ‘ಸಮುದ್ರ ನೋಡ್ಲಾಕ ಹೊಂಟೀರೋ, ಜೂಜಿನ ಹಡಗ ನೋಡ್ಲಾಕ ಹೊಂಟೀರೋ?’ ನಾನು ನಕ್ಕು ಸುಮ್ಮನಾದೆ. ಉತ್ತರ ನನಗೂ ಸರಿಯಾಗಿ ಗೊತ್ತಿರಲಿಲ್ಲ.

ನಾವು ನಾಲ್ವರು. ನಾನು, ನನ್ನ ಹೆಂಡತಿ, ಹದಿನೇಳರ ಮಗಳು ಮತ್ತು ಇಪ್ಪತ್ತು ತುಂಬಿದ ಅಣ್ಣನ ಮಗ. ಮಗಳಿಗೆ ಸಮುದ್ರ ಬೇಕಿತ್ತು. ಹುಡುಗ ಮಾತ್ರ ಹೊರಡುವ ಮೊದಲೇ ಒಂದು ಮಾತು ಹೇಳಿದ್ದ: ‘ಕಾಕಾ, ಒಮ್ಮೆ ಆ ಹಡಗದ ಒಳಗ ಹೋಗಿ ನೋಡಬೇಕು.’ ಯಾಕೆಂದು ನಾನು ಕೇಳಲಿಲ್ಲ. ಅಣ್ಣ ಎಲೆಯಾಟಕ್ಕೆ ಕೂತು ಎರಡು ಎಕರೆ ತೊಗರಿ ಹೊಲ ಕಳೆದುಕೊಂಡು ನಾಲ್ಕು ವರ್ಷವಾಯಿತು. ಆಮೇಲೆ ಅವನು ಎಲೆ ಮುಟ್ಟಲಿಲ್ಲ. ಆ ವಿಷಯವಾಗಿ ಬಾಯಿಯನ್ನೂ ಬಿಡಲಿಲ್ಲ. ಉಳಿದ ಸಾಲದ ಕಂತನ್ನು ಕಾಲೇಜಿನ ಬಿಡುವಿನಲ್ಲಿ ಹುಡುಗನೇ ದುಡಿದು ಕಟ್ಟುತ್ತಿದ್ದಾನೆ. ತಂದೆಯನ್ನು ಅಷ್ಟು ಬಲವಾಗಿ ಎಳೆದದ್ದು ಏನು ಎಂದು ಕಣ್ಣಾರೆ ನೋಡುವ ಆಸೆ ಅವನದು.

ಹುಮನಾಬಾದು ದಾಟಿ ಕಲಬುರಗಿ, ವಿಜಯಪುರ, ಬೆಳಗಾವಿ. ಅಲ್ಲಿಂದ ಚೋರ್ಲಾ ಘಟ್ಟ. ನಮ್ಮ ಕರಿನೆಲದ ಬಯಲಿನಿಂದ ಹೊರಟವರಿಗೆ ಘಟ್ಟದ ಹಸಿರು ಕಂಡಾಗ ಬೇರೆ ದೇಶಕ್ಕೆ ಬಂದಂತೆ ಅನ್ನಿಸುತ್ತದೆ. ಆದರೆ ಘಟ್ಟದ ಕೆಳಗೆ ನಮಗಾಗಿ ಕಾದಿದ್ದ ನದಿ ಪರದೇಶದ್ದಲ್ಲ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ ಗೋವಾದಲ್ಲಿ ಮಾಂಡೋವಿಯಾಗುತ್ತದೆ. ಯಾವ ನೀರಿಗಾಗಿ ನಮ್ಮ ಉತ್ತರ ಕರ್ನಾಟಕದ ರೈತರು ವರ್ಷಗಟ್ಟಲೆ ಧರಣಿ ಕೂತರೋ, ಅದೇ ನೀರಿನ ಮೇಲೆ ಪಣಜಿಯಲ್ಲಿ ಜೂಜಿನ ಹಡಗುಗಳು ಲಂಗರು ಹಾಕಿವೆ.

ಪಣಜಿ ತಲುಪಿದಾಗ ದೀಪ ಹಚ್ಚುವ ಹೊತ್ತು. ನದಿಯುದ್ದಕ್ಕೂ ಕೆಂಪು, ನೀಲಿ, ಬಂಗಾರದ ಬಣ್ಣದ ಬೆಳಕು. ಹಡಗುಗಳು ಚಲಿಸುವುದಿಲ್ಲ, ಚಿಕ್ಕ ದೋಣಿಗಳು ಜನರನ್ನು ದಡದಿಂದ ಒಯ್ಯುತ್ತವೆ, ಮರಳಿ ತರುತ್ತವೆ. ದಡದ ರಸ್ತೆಯಲ್ಲೇ ಹಳೆಯ ಆದಿಲಶಾಹಿ ಅರಮನೆ. ವಿಜಯಪುರದ ಯೂಸುಫ್ ಆದಿಲ ಖಾನನೂ ಮೊದಲು ನಮ್ಮ ಬೀದರಿನ ಬಹಮನಿ ದರ್ಬಾರಿನ ಸರದಾರನೇ. ಅದೇ ದರ್ಬಾರಿನ ಮಂತ್ರಿ ಮಹಮೂದ್ ಗಾವಾನ್ 1472ರಲ್ಲಿ ಗೋವಾವನ್ನು ಗೆದ್ದಿದ್ದ. ಅರಮನೆಯ ಪಕ್ಕದಲ್ಲಿ ಒಂದು ವಿಚಿತ್ರ ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಪಾದ್ರಿಯೊಬ್ಬ ಕೈ ಚಾಚಿ ನಿಂತಿದ್ದಾನೆ, ಎದುರಿಗೆ ಹೆಂಗಸೊಬ್ಬಳು ಮೈಮರೆತು ಒರಗಿದ್ದಾಳೆ. ಇವನು 1756ರಲ್ಲಿ ಗೋವಾದ ಕಾಂದೋಳಿಯಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಸಮ್ಮೋಹನ ವಿದ್ಯೆಗೆ ಹೆಸರಾದ ಅಬ್ಬೆ ಫಾರಿಯ. ಪ್ರತಿಮೆ 1945ರದು, ಆಗ ನದಿಯಲ್ಲಿ ಈ ಹಡಗುಗಳಿರಲಿಲ್ಲ. ‘ಜಾಗ ನೋಡಿ ನಿಲ್ಸಿದಂಗದ’ ಎಂದಳು ನನ್ನ ಹೆಂಡತಿ.

ಜೆಟ್ಟಿಯ ಬಳಿ ಹುಡುಗ ಮುಂದಾದ. ಬಾಗಿಲಲ್ಲಿದ್ದವರು ಬಹಳ ಮರ್ಯಾದೆಯಿಂದಲೇ ಗುರುತಿನ ಚೀಟಿ ಕೇಳಿದರು. ಹುಟ್ಟಿದ ವರ್ಷ ನೋಡಿ, ಅಷ್ಟೇ ಮರ್ಯಾದೆಯಿಂದ ಚೀಟಿ ಮರಳಿಸಿ ತಲೆಯಾಡಿಸಿದರು. ಇಪ್ಪತ್ತೊಂದು ತುಂಬಿರಬೇಕು. ಹುಡುಗನ ಮುಖ ಕೆಂಪಾಯಿತು. ‘ನಂಗ ಓಟು ಹಾಕ್ಲಾಕ ಬರ್ತದ, ಇಲ್ಲಿ ಒಳಗ ಹೋಗ್ಲಾಕ ಬರಲ್ಲೇನು ಕಾಕಾ?’ ನನ್ನೊಬ್ಬನಿಗೆ ಅಡ್ಡಿಯಿರಲಿಲ್ಲ. ‘ನೀವಾದ್ರೂ ನೋಡಿ ಬರ್ರಿ’ ಎಂದು ಹೆಂಡತಿಯೂ ಹೇಳಿದಳು. ಹುಡುಗನನ್ನು ದಡದಲ್ಲಿ ಬಿಟ್ಟು ನಾನು ದೋಣಿ ಹತ್ತುವುದು ಸರಿ ಕಾಣಲಿಲ್ಲ. ನಾಲ್ವರೂ ನದಿಯ ಕಟ್ಟೆಯ ಮೇಲೆ ಕುಳಿತೆವು.

ಈ ಗೆರೆ ಗೋವಾದ್ದಷ್ಟೇ ಅಲ್ಲ. ಅಮೆರಿಕದ ಲಾಸ್ ವೇಗಸ್ಸಿನಲ್ಲೂ ಸಿಂಗಪುರದಲ್ಲೂ ಇಪ್ಪತ್ತೊಂದೇ. ಮಕಾವಿನಲ್ಲಿ ಹದಿನೆಂಟಿತ್ತು, 2012ರಲ್ಲಿ ಅಲ್ಲಿಯೂ ಇಪ್ಪತ್ತೊಂದಕ್ಕೆ ಏರಿಸಿದರು. ಗೋವಾದ ಕಥೆ ಇನ್ನೂ ಸೋಜಿಗದ್ದು. ಅಲ್ಲಿನ 1976ರ ಕಾಯ್ದೆ ಸಾರ್ವಜನಿಕ ಜೂಜನ್ನು ತಡೆಯಲೆಂದೇ ಬಂದದ್ದು. 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಬಾಗಿಲು ತೆರೆಯಿತು. 1996ರ ತಿದ್ದುಪಡಿ ಹಡಗುಗಳ ಮೇಲೆ ಮೇಜಿನ ಆಟಕ್ಕೂ ಅವಕಾಶ ಕೊಟ್ಟಿತು. 2020ರಲ್ಲಿ ಗೋವಾ ಸರ್ಕಾರ ತನ್ನ ಸ್ವಂತ ಜನ ಈ ಹಡಗು ಹತ್ತಬಾರದೆಂದು ನಿಷೇಧಿಸಿತು. ಅಂದರೆ ದೀಪಗಳೆಲ್ಲ ಉರಿಯುವುದು ನಮ್ಮಂತಹ ಹೊರಗಿನವರಿಗಾಗಿ. ಸರ್ಕಾರಕ್ಕೂ ಪಾಲುಂಟು: ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರಿನಲ್ಲಿ ಶೇ. 28 ಇದ್ದದ್ದು, 2025ರ ಸೆಪ್ಟೆಂಬರ್ 22ರಿಂದ ಶೇ. 40 ಆಗಿದೆ.

ಹಾಗೆಂದು ಕಾನೂನಿನ ಗೆರೆ ಮಕ್ಕಳನ್ನು ಜೂಜಿನಿಂದ ದೂರ ಇಟ್ಟಿದೆಯೇ? ನಮ್ಮ ಕಡೆ ನಾಗರ ಪಂಚಮಿಗೆ ಹುಡುಗರು ಕೊಬ್ಬರಿ ಬಟ್ಟಲು ಪಣಕ್ಕಿಟ್ಟು ನಿಂಬೆಹಣ್ಣು ಎಸೆಯುತ್ತಾರೆ. ಬಲಿಪಾಡ್ಯಮಿಗೆ ದ್ಯೂತ ಪ್ರತಿಪದೆ ಎಂಬ ಹೆಸರೇ ಇದೆ. ಅಂದು ಆಡಿದರೆ ದೋಷವಿಲ್ಲವೆಂದು ಹಿರಿಯರೇ ಎಲೆ ಹಂಚುತ್ತಾರೆ. ಲಾಟರಿಯನ್ನು ಕರ್ನಾಟಕ 2007ರಲ್ಲಿ ನಿಲ್ಲಿಸಿತು. ಆಟ ಮೊಬೈಲಿಗೆ ಬಂತು. ಆನ್‌ಲೈನ್ ಜೂಜಿನ ವಿರುದ್ಧ ರಾಜ್ಯ 2021ರಲ್ಲಿ ಮಾಡಿದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟು 2022ರ ಫೆಬ್ರುವರಿಯಲ್ಲಿ ತೆಗೆದುಹಾಕಿತು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಮಾಡಿದ್ದು 2025ರ ಆಗಸ್ಟಿನಲ್ಲಿ. ಅಷ್ಟರೊಳಗೆ ನನ್ನ ಮಗಳಿಗೆ ರಮ್ಮಿಯ ಜಾಹೀರಾತುಗಳು ಬಾಯಿಪಾಠವಾಗಿದ್ದವು.

ರಾಜ್ಯದ ಪಾಲಿನ ಮಾತು ಬಂದಾಗ ನನಗೆ ನೆನಪಾದದ್ದು ನಮ್ಮ ನೆರೆಯ ಬಸವಕಲ್ಯಾಣ. ಶರಣರ ಕಾಲಕ್ಕೂ ಮೊದಲು, ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದಾಗ (1076–1126), ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದದ್ದು ಆ ಊರಿನಲ್ಲಿ. ಆಸ್ತಿಯ ಪಾಲಿನ ಮೊಕದ್ದಮೆಗಳಿಂದಾಗಿ ಮಿತಾಕ್ಷರದ ಹೆಸರು ನಮಗೆಲ್ಲ ಪರಿಚಿತ. ಅದರಲ್ಲಿ ಜೂಜಿಗೂ ಒಂದು ಪ್ರಕರಣವಿದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮನು ಜೂಜನ್ನು ರಾಜ್ಯದಿಂದಲೇ ಹೊರಹಾಕು ಎಂದ. ಯಾಜ್ಞವಲ್ಕ್ಯ ಹಾಗೆನ್ನಲಿಲ್ಲ. ಜೂಜಿನ ಮನೆ ನಡೆಸುವವನಿಗೆ ಸಭಿಕನೆಂದು ಹೆಸರು. ನೂರು ಅಥವಾ ಅದಕ್ಕೂ ಹೆಚ್ಚು ಗೆದ್ದವನಿಂದ ಅವನು ನೂರಕ್ಕೆ ಐದು ತೆಗೆದುಕೊಳ್ಳಬೇಕು. ಕಡಿಮೆ ಗೆದ್ದವನಿಂದ ನೂರಕ್ಕೆ ಹತ್ತು. ರಾಜನಿಗೆ ಒಪ್ಪಿದ ಪಾಲು ಕೊಡಬೇಕು, ರಾಜ ಅವನಿಗೆ ರಕ್ಷಣೆ ಕೊಡಬೇಕು. ಆಟ ಒಬ್ಬ ಅಧಿಕಾರಿಯ ಕಣ್ಣಳತೆಯಲ್ಲೇ ನಡೆಯಬೇಕು, ಕಳ್ಳರನ್ನು ಗುರುತಿಸಲು ಅದರಿಂದ ಅನುಕೂಲ. ಮೋಸದ ದಾಳ ಹಾಕಿದವನಿಗೆ ಬರೆ ಹಾಕಿ ಗಡಿಪಾರು.

ಮಾಂಡೋವಿಯ ದಡದಲ್ಲಿ ಕುಳಿತು ಮಕ್ಕಳಿಗೆ ಇದನ್ನು ಹೇಳಿದೆ. ಆ ವಿಕ್ರಮಾದಿತ್ಯನ ಮಗಳು ಮೈಲಲದೇವಿಯನ್ನು ಮದುವೆಯಾದವನು ಗೋವೆಯ ಕದಂಬರ ಎರಡನೆಯ ಜಯಕೇಶಿ. ಕಲ್ಯಾಣದ ಹುಡುಗಿ ಈ ನಾಡಿಗೆ ಸೊಸೆಯಾಗಿ ಬಂದಿದ್ದಳು. ‘ಹಂಗಾದ್ರ ಇದು ನಮ್ಮ ಬೀಗರೂರು’ ಎಂದು ಮಗಳು ನಕ್ಕಳು. ಹುಡುಗ ನಗಲಿಲ್ಲ. ಅವನ ಕಣ್ಣು ಇನ್ನೂ ಹಡಗಿನ ಮೇಲೇ ಇತ್ತು.

ರಾತ್ರಿ ಹೋಟೆಲಿನ ಕೋಣೆಯಲ್ಲಿ ನಾವೇ ಒಂದು ಹಡಗು ಮಾಡಿದೆವು. ಕ್ಯಾಸಿನೊದಲ್ಲಿ ರೂಲೆಟ್ ಎಂಬ ತಿರುಗುವ ಚಕ್ರವಿರುತ್ತದೆ. ಸಾಮಾನ್ಯ ಚಕ್ರದಲ್ಲಿ ಸೊನ್ನೆಯಿಂದ 36ರವರೆಗೆ ಒಟ್ಟು 37 ಮನೆ. ಒಂದು ಅಂಕಿಯ ಮೇಲೆ ಒಂದು ರೂಪಾಯಿ ಇಟ್ಟು ಗೆದ್ದರೆ ನಮ್ಮ ರೂಪಾಯಿಯ ಜೊತೆ 35 ರೂಪಾಯಿ ಕೊಡುತ್ತಾರೆ. ನಾವು 37 ಚೀಟಿ ಬರೆದು ಬುತ್ತಿಯ ಡಬ್ಬಿಗೆ ಹಾಕಿದೆವು. ಹಣದ ಬದಲು ಶೇಂಗಾ. ಮಗಳು ಅಂಗಡಿಯವಳು, ನಾನು ಮತ್ತು ಹುಡುಗ ತಲಾ ಐವತ್ತು ಕಾಳು ಹಿಡಿದು ಆಡುವವರು.

ನನ್ನ ಐವತ್ತು ಒಂದೂ ಗೆಲುವಿಲ್ಲದೆ ಹೋಯಿತು. ಹುಡುಗನ ಅಂಕಿ ಒಮ್ಮೆ ಬಂತು. ಅವನು ಹಾಸಿಗೆಯಿಂದ ಜಿಗಿದೆದ್ದು ಕೂಗಿದ. ಆ ಮುಖವನ್ನು ನಾನು ಬಲ್ಲೆ. ಗೆದ್ದ ರಾತ್ರಿಗಳಲ್ಲಿ ಅಣ್ಣನ ಮುಖ ಹಾಗೆಯೇ ಇರುತ್ತಿತ್ತು. ‘ಸಾಕು ಮಾಡ್ತೀಯೇನು?’ ಎಂದೆ. ‘ಈಗೇ? ಈಗರೇ ನಸೀಬ ತೆರದದ’ ಎಂದ. ಒಂದೂವರೆ ಗಂಟೆಯಲ್ಲಿ ಅವನ ಕೈಯೂ ಖಾಲಿ. ಮಗಳ ಮುಂದೆ ಶೇಂಗಾದ ರಾಶಿ.

ಆಮೇಲೆ ಲೆಕ್ಕಕ್ಕೆ ಕುಳಿತೆವು. ಹುಡುಗ ಬಿ.ಕಾಂ. ಓದುವವನು, ತಾನೇ ಬರೆದ. 37 ಅಂಕಿಗೂ ಒಂದೊಂದು ರೂಪಾಯಿ ಇಟ್ಟರೆ ಗೆಲ್ಲುವುದು ಒಂದೇ, ಕೈಗೆ ಬರುವುದು 36. ಪ್ರತಿ 37 ರೂಪಾಯಿಗೆ ಒಂದು ರೂಪಾಯಿ ಅಂಗಡಿಗೆ. ನೂರಕ್ಕೆ ಸುಮಾರು ಎರಡು ರೂಪಾಯಿ ಎಪ್ಪತ್ತು ಪೈಸೆ. ಮೋಸ ಏನೂ ಇಲ್ಲ. ಚಕ್ರ ಸರಿಯಾಗಿ ತಿರುಗಿದರೂ, ಆಡಿದಷ್ಟೂ ಹಣ ಒಂದೇ ಕಡೆಗೆ ಸರಿಯುತ್ತದೆ.

‘ಅಪ್ಪಾ ಆಡಿದ್ದು ಚಕ್ರ ಅಲ್ಲಲ್ಲ ಕಾಕಾ. ಎಲೆ. ಎದುರಿಗೆ ಕೂತವ ಗೆಲ್ಲಬೇಕಲ್ಲ?’ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಇಲ್ಲಿ ಕಲ್ಯಾಣದ ಸಭಿಕ ಬರುತ್ತಾನೆ. ಐದು ಜನ ತಲಾ ಸಾವಿರ ರೂಪಾಯಿ ತಂದು ಕೂತರು ಎನ್ನೋಣ; ಒಟ್ಟು ಐದು ಸಾವಿರ. ಪ್ರತಿ ಆಟದಲ್ಲಿ ಐನೂರು ರೂಪಾಯಿ ನಡುವೆ ಬೀಳುತ್ತದೆ. ಜಾಗ ಕೊಟ್ಟವನು ನೂರಕ್ಕೆ ಐದರಂತೆ ಇಪ್ಪತ್ತೈದು ರೂಪಾಯಿ ಎತ್ತಿಟ್ಟುಕೊಳ್ಳುತ್ತಾನೆ. ಹೀಗೆ ಇನ್ನೂರು ಆಟವಾದರೆ ಎತ್ತಿಟ್ಟ ಹಣ ಐದು ಸಾವಿರ! ಐವರಲ್ಲಿ ಯಾರು ಗೆದ್ದರು, ಯಾರು ಸೋತರು ಎಂಬ ಮಾತೇ ಉಳಿಯುವುದಿಲ್ಲ. ಹುಡುಗ ಬಹಳ ಹೊತ್ತು ಕಾಗದ ನೋಡುತ್ತಾ ಕುಳಿತ.

ಕಡೆಗೆ ಅವನಿಗೆ ಮಿತಾಕ್ಷರದ ಇನ್ನೊಂದು ಮಾತು ಹೇಳಿದೆ. ತಂದೆಯ ಸಾಲವನ್ನು ಮಗ ತೀರಿಸಬೇಕೆಂಬುದು ಆ ಶಾಸ್ತ್ರದ ಸಾಮಾನ್ಯ ನಿಯಮ. ಆದರೆ ಕುಡಿತಕ್ಕೆ, ಜೂಜಿಗೆ ಮಾಡಿದ ಸಾಲ ಮಗನ ತಲೆಗೆ ಬರುವುದಿಲ್ಲ. ಜೂಜಿನ ಮನೆಯಿಂದ ಪಾಲು ಪಡೆಯಲು ರಾಜನಿಗೆ ಒಪ್ಪಿಗೆ ಕೊಟ್ಟ ಶಾಸ್ತ್ರವೇ ಮಗನನ್ನು ಅದರ ಸಾಲದಿಂದ ಹೊರಗಿಟ್ಟಿತು. ಇಪ್ಪತ್ತೊಂದರ ಗೆರೆಗಿಂತ ಇದು ಗಟ್ಟಿಯಾದ ಗೆರೆ ಎಂದು ನನಗೆ ಅನ್ನಿಸುತ್ತದೆ. ‘ನಾ ಕಟ್ಟೋದು ಶಾಸ್ತ್ರಕ್ಕಲ್ಲ ಕಾಕಾ, ಅಪ್ಪಾ ತಲಿ ಎತ್ತಿ ಓಣ್ಯಾಗ ತಿರಗ್ಲಿ ಅಂತ’ ಎಂದ ಹುಡುಗ. ನಾನು ಮಾತಾಡಲಿಲ್ಲ.

ಮರುದಿನ ಪಣಜಿ ಬೇರೆಯೇ ಊರಾಗಿತ್ತು. ಹಗಲಿನಲ್ಲಿ ಹಡಗುಗಳು ಬಣ್ಣ ಕಳೆದ ಜಾತ್ರೆಯ ಅಂಗಡಿಗಳಂತೆ ಕಾಣುತ್ತವೆ. ಫೊಂತೈನ್ಹಾಸ್ ಓಣಿಯ ಹಳದಿ, ನೀಲಿ ಗೋಡೆಗಳ ನಡುವೆ ಮಕ್ಕಳು ತಿರುಗಿದರು. ಬೆಟ್ಟದ ಮೇಲಿನ ಬಿಳಿಯ ಇಗರ್ಜಿಯ ಮೆಟ್ಟಿಲು ಹತ್ತಿದರು. ನದಿಯಾಚೆಯ ರೇಯಿಸ್ ಮಾಗೋಸ್ ಕೋಟೆಯಿಂದ ನೋಡಿದರೆ ಹಡಗುಗಳು ಬಹಳ ಸಣ್ಣವು. ಮೀರಾಮಾರ್ ದಂಡೆಯಲ್ಲಿ ಮಗಳಿಗೆ ಅವಳ ಸಮುದ್ರ ಸಿಕ್ಕಿತು. ಹಳೆ ಗೋವಾದ ಇಗರ್ಜಿಗಳನ್ನು ನೋಡಿ, ಮರಳುವಾಗ ಕಾಡಿನೊಳಗಿನ ತಾಂಬಡಿ ಸುರ್ಲಾದ ಮಹಾದೇವ ಗುಡಿಗೆ ಹೋದೆವು. ಕದಂಬರ ಕಾಲದ ಕರಿಕಲ್ಲಿನ ಗುಡಿ. ಅದರ ಕಂಬಗಳನ್ನು ಮುಟ್ಟಿದಾಗ ನಮ್ಮೂರ ಕಡೆಯ ಹಳೆಯ ಗುಡಿಗಳೇ ನೆನಪಾದವು.

ಮಕ್ಕಳೊಂದಿಗೆ ಗೋವಾಕ್ಕೆ ಹೋಗುವವರಿಗೆ ನನ್ನದೊಂದು ಮಾತು. ಇಪ್ಪತ್ತೊಂದು ತುಂಬದವರನ್ನು ಹೋಟೆಲಿನಲ್ಲಿ ಕೂರಿಸಿ ದೊಡ್ಡವರು ಹಡಗು ಹತ್ತುವುದು ಬೇಡ. ಅವರು ಆ ರಾತ್ರಿಯಿಡೀ ಆ ದೀಪಗಳನ್ನೇ ನೋಡುತ್ತಿರುತ್ತಾರೆ. ನೋಡಬೇಡ ಎನ್ನುವುದೂ ಬೇಡ. ದಡದಲ್ಲಿ ಜೊತೆಗೆ ಕುಳಿತು ನೋಡಿ, ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸಿ. ಬೇಕಾದದ್ದು 37 ಚೀಟಿ, ಒಂದು ಹಿಡಿ ಶೇಂಗಾ.

ಊರಿಗೆ ಬಂದ ಸಂಜೆ ಅಣ್ಣ ಅಂಗಳದಲ್ಲಿ ಕುಳಿತಿದ್ದ. ಹುಡುಗ ಜೇಬಿನಿಂದ ಆ ಕಾಗದ ತೆಗೆದು ಅವನ ಮುಂದೆ ಇಟ್ಟ. ಐದು ಜನ, ಐದು ಸಾವಿರ, ನೂರಕ್ಕೆ ಐದು, ಇನ್ನೂರು ಆಟ. ಅಣ್ಣ ಕನ್ನಡಕ ಹಾಕಿಕೊಂಡು ಓದಿದ, ಮತ್ತೊಮ್ಮೆ ಓದಿದ. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ವಿಷಯವಾಗಿ ಬಾಯಿ ಬಿಟ್ಟ.

‘ಐದಲ್ಲ ತಮ್ಮಾ, ಅಂವ ಹತ್ತು ತಗೋತಿದ್ದ.’

ಬರುವ ವರ್ಷ ಹುಡುಗನಿಗೆ ಇಪ್ಪತ್ತೊಂದು ತುಂಬುತ್ತದೆ. ಆಗ ಅವನನ್ನು ತಡೆಯಲು ಕಾನೂನಿನ ಗೆರೆ ಇರುವುದಿಲ್ಲ. ಆ ಕಾಗದ ಇರುತ್ತದೆ.