999 ನಡೆದ ದಾರಿ: ಗೋಕಾಕದಿಂದ ಗೋವೆಗೆ

ಗೋಕಾಕ ಫಾಲ್ಸಿನ ತೂಗುಸೇತುವೆಯನ್ನು ಕಂಡವರಿಗೆ ಸಿನಿಮಾದ ಹೊಡೆದಾಟ ನೆನಪಾಗದೆ ಇರದು. ಕುದುರೆ ಲಾಳದ ಆಕಾರದಲ್ಲಿ ಬಾಗಿದ ಬಂಡೆಯಂಚು, ಅಲ್ಲಿಂದ 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆಯ ಕೆಂಪು ನೀರು, ದಂಡೆಯ ಮೇಲೆ ಮಹಾಲಿಂಗೇಶ್ವರನ ಹಳೆಯ ಗುಡಿ, ಪಕ್ಕದಲ್ಲೇ ನೂರು ವರ್ಷ ಮೀರಿದ ಹತ್ತಿ ಗಿರಣಿ. ಮೂಡಲಗಿ, ಹುಕ್ಕೇರಿ ಕಡೆಯಿಂದ ಶಾಲಾ ಪ್ರವಾಸಕ್ಕೆ ಬಂದ ಹುಡುಗರಲ್ಲಿ ಬಸ್ಸಿಳಿದ ಕೂಡಲೇ ಒಬ್ಬ ಬೇಹುಗಾರನಾಗುತ್ತಾನೆ, ಇನ್ನೊಬ್ಬ ಖಳನಾಯಕ. ಇಂದಿನವರ ಬಾಯಲ್ಲಿ ಜೇಮ್ಸ್ ಬಾಂಡನ ಹೆಸರು. ಅವರ ಅಜ್ಜಂದಿರ ಕಾಲದಲ್ಲಿ ಎರಡು ಬೆರಳು ಜೋಡಿಸಿ ಪಿಸ್ತೂಲು ಮಾಡಿಕೊಂಡ ಹುಡುಗ ಸಿ.ಐ.ಡಿ. 999 ಆಗುತ್ತಿದ್ದ.

ಬಾಂಡನ ಮೊದಲ ಚಿತ್ರ 'ಡಾಕ್ಟರ್ ನೋ' ಬಂದದ್ದು 1962ರಲ್ಲಿ. ಆರು ವರ್ಷಗಳ ನಂತರ, 1968ರಲ್ಲಿ, ದೊರೈ-ಭಗವಾನ್ ಜೋಡಿ 'ಜೇಡರ ಬಲೆ' ತೆಗೆಯಿತು. ಅಲ್ಲಿಯವರೆಗೆ ಕಿರೀಟ ತೊಟ್ಟು, ಪಂಚೆಯುಟ್ಟು ಜನರಿಗೆ ಪರಿಚಿತರಾಗಿದ್ದ ರಾಜ್‌ಕುಮಾರ್ ಇದರಲ್ಲಿ ಸೂಟು ಧರಿಸಿ ಗುಪ್ತಚರನಾದರು. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999', ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', ಬಹು ವರ್ಷಗಳ ಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಟಿ ಲಕ್ಷ್ಮಿ ಕನ್ನಡಕ್ಕೆ ಬಂದದ್ದು ಗೋವಾ ಚಿತ್ರದಿಂದ. ಹಿಂದಿಯಲ್ಲಿ ಹೆಸರಾಗುವ ಮೊದಲೇ ರೇಖಾ ನಾಯಕಿಯಾದದ್ದು ಜಾಕ್‌ಪಾಟ್ ಚಿತ್ರದಲ್ಲಿ.

'ಜೇಡರ ಬಲೆ'ಯ ಕಥೆಯೆಲ್ಲ ನಿಂತಿರುವುದು ಯಾವುದೇ ಲೋಹವನ್ನು ಚಿನ್ನವಾಗಿಸುವ ಒಂದು ಸೂತ್ರದ ಮೇಲೆ. ನಗುವವರು ಸ್ವಲ್ಪ ತಾಳಬೇಕು. ಸೀಸದ ಪರಮಾಣುವಿನಲ್ಲಿ 82 ಪ್ರೋಟಾನುಗಳು, ಚಿನ್ನದಲ್ಲಿ 79. ಮೂರು ಪ್ರೋಟಾನು ಕಳೆದರೆ ಕೆಲಸವಾಯಿತು! ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಸೀಸ ಹೀಗೆ ಚಿನ್ನವಾದದ್ದನ್ನು 2025ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಸಿಕ್ಕ ಚಿನ್ನ ಮಾತ್ರ ಕಣ್ಣಿಗೆ ಕಾಣದಷ್ಟು, ಸಿಕ್ಕ ಕ್ಷಣದಲ್ಲೇ ಮಾಯವಾಗುವಂಥದು. ಆದರೆ 1968ರ ಪ್ರೇಕ್ಷಕನಿಗೆ ಚಿನ್ನವೆಂದರೆ ಬರೀ ಕಥೆಯಲ್ಲ. 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಿಸಬಾರದೆಂಬ ನಿಯಮ 1963ರಲ್ಲಿ ಬಂದು ಹೋಗಿತ್ತು. ಚಿನ್ನ ನಿಯಂತ್ರಣ ಕಾಯಿದೆ ಬಂದದ್ದು ಅದೇ 1968ರಲ್ಲಿ. ಮನೆಯ ಹಿರಿಯರನ್ನು ಕೇಳಿದರೆ ಆ ದಿನಗಳ ಕಥೆ ಹೇಳಿಯಾರು.

ಇನ್ನು, 999 ಗೋವೆಗೇ ಏಕೆ ಹೋದ? 1961ರ ಡಿಸೆಂಬರಿನವರೆಗೆ ಗೋವೆ ಪೋರ್ಚುಗೀಸರ ಕೈಯಲ್ಲಿತ್ತು. ಬೆಳಗಾವಿಯವರ ಪಾಲಿಗೆ ಅದು ಕೈಗೆಟಕುವಷ್ಟು ಹತ್ತಿರದ ಪರದೇಶ. ಕ್ಯಾಸಲ್‌ರಾಕ್ ನಿಲ್ದಾಣದಲ್ಲಿ ಸುಂಕದವರ ತಪಾಸಣೆ ನಡೆಯುತ್ತಿತ್ತು. ಅತ್ತಣಿಂದ ಚಿನ್ನ, ಗಡಿಯಾರ, ಮದ್ಯ ಕಳ್ಳದಾರಿಯಲ್ಲಿ ಗಡಿ ದಾಟುತ್ತಿದ್ದವು. 1955ರಲ್ಲಿ ರೈಲು ಸಂಪರ್ಕವೇ ನಿಂತಿತು. ಗೋವೆ ಪ್ರತ್ಯೇಕವಾಗಿಯೇ ಉಳಿಯಬೇಕೆಂದು ಅಲ್ಲಿಯ ಜನ ಮತ ಹಾಕಿದ್ದು 1967ರ ಜನವರಿಯಲ್ಲಿ. ಮರುವರ್ಷವೇ ಅಲ್ಲಿಗೆ ಕನ್ನಡದ ಕ್ಯಾಮೆರಾ ಬಂತು. ವಿಮಾನದ ಖರ್ಚಿಲ್ಲದೆ ವಿದೇಶದ ವಾತಾವರಣ ಸಿಗುವ ಜಾಗ ಬೇರೆ ಯಾವುದಿತ್ತು?

ಗೋಕಾಕದಿಂದ ಹೊರಡುವವರಿಗೆ ಎರಡು ದಾರಿ. ಘಟಪ್ರಭಾ ನಿಲ್ದಾಣದಲ್ಲಿ ರೈಲು ಹಿಡಿದರೆ ಬೆಳಗಾವಿ, ಲೋಂಡಾ, ಕ್ಯಾಸಲ್‌ರಾಕ್ ಮೇಲೆ ದೂಧಸಾಗರದ ಮಗ್ಗುಲಲ್ಲೇ ಘಟ್ಟ ಇಳಿಯಬಹುದು. ಬಸ್ಸಿನವರು ಹುಕ್ಕೇರಿ, ಸಂಕೇಶ್ವರ, ಗಡಹಿಂಗ್ಲಜ, ಆಜರಾ ದಾಟಿ ಅಂಬೋಲಿ ಘಟ್ಟ ಇಳಿದು ಸಾವಂತವಾಡಿಯಿಂದ ಗೋವೆ ಸೇರಬಹುದು. ಮಕ್ಕಳ ಜೊತೆ ಹೋಗುವವರಿಗೆ ಈ ಎರಡನೆಯ ದಾರಿಯೇ ಲೇಸು. ಹುಕ್ಕೇರಿಯಲ್ಲಿ ಇಳಿದು ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಬಹುದು. ಯಾವ ನಿರ್ದೇಶಕನ ಕಣ್ಣಿಗಾದರೂ ಬೀಳಬೇಕಾದ ಕಟ್ಟಡಗಳವು. ಬಿಜಾಪುರಕ್ಕೆ ಇಲ್ಲಿಂದ ಗುಲಾಬಿ ಹೋಗುತ್ತಿತ್ತು, ಹೂವಿನ ಕೇರಿಯೇ ಹುಕ್ಕೇರಿಯಾಯಿತು ಎಂದು ಊರಿನವರು ಹೇಳುತ್ತಾರೆ.

ಸಂಕೇಶ್ವರ ದಾಟಿದ ಮೇಲೆ ಹಿರಣ್ಯಕೇಶಿ ನದಿ ಜೊತೆಯಾಗುತ್ತದೆ. ಅದು ಹುಟ್ಟುವುದು ಅಂಬೋಲಿಯಲ್ಲಿ, ಗುಡಿಯೊಂದರ ಗವಿಯೊಳಗೆ. ಹುಕ್ಕೇರಿ ಭಾಗಕ್ಕೆ ಹರಿದು ಬಂದು ಘಟಪ್ರಭೆ ಸೇರಿ, ಕಡೆಗೆ ಗೋಕಾಕದಲ್ಲಿ ಧುಮುಕುವುದು ಇದೇ ನೀರು. ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ. ಗೋಕಾಕದಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಊರಲ್ಲಿ ಒಂದು ಹನಿ ಬೀಳದಿದ್ದರೂ ಫಾಲ್ಸು ತುಂಬಿ ಬರುವುದೇಕೆ ಎಂದು ಕೇಳುವ ಮಗುವಿಗೆ ಈ ಬಸ್ ಪ್ರಯಾಣವೇ ಉತ್ತರ. ಕಲ್ಲಿನ ಬಣ್ಣವೂ ದಾರಿಯುದ್ದಕ್ಕೂ ಬದಲಾಗುತ್ತದೆ. ಗೋಕಾಕದ್ದು ನೂರು ಕೋಟಿ ವರ್ಷಕ್ಕೂ ಹಿಂದಿನ ಪದರು ಪದರಾದ ಮರಳುಗಲ್ಲು. ಸಂಕೇಶ್ವರದ ಆಚೆ ದಖ್ಖನದ ಕಪ್ಪು ಕಲ್ಲು. ಆಜರಾದಿಂದ ಮುಂದೆ ತೂತು ತೂತಾದ ಕೆಂಪು ಜಂಬಿಟ್ಟಿಗೆ. ಗೋವೆಯ ಕೋಟೆ, ಚರ್ಚು, ಮನೆಯ ಗೋಡೆ ಎಲ್ಲವೂ ಹೆಚ್ಚಾಗಿ ಈ ಕೆಂಪು ಕಲ್ಲಿನವೇ.

ಪಣಜಿಯಲ್ಲಿ ಮಾಂಡೋವಿ ನದಿಯ ದಂಡೆಗೆ ಬಂದು ನಿಂತರೆ 999 ಕಂಡ ಗೋವೆಗೂ ಇಂದಿನದಕ್ಕೂ ಇರುವ ಅಂತರ ಥಟ್ಟನೆ ಎದುರಾಗುತ್ತದೆ. ಕಣ್ಣೆದುರು ಸಾಲಾಗಿ ಮೂರು ಸೇತುವೆ. 1968ರಲ್ಲಿ ಅಲ್ಲಿ ಒಂದೂ ಇರಲಿಲ್ಲ, ದೋಣಿಯೇ ಗತಿ. ಆಮೇಲೆ ಕಟ್ಟಿದ ಮೊದಲ ಸೇತುವೆ 1986ರಲ್ಲಿ ಕುಸಿಯಿತು. ಮೂರನೆಯದಾದ ಅಟಲ್ ಸೇತು ತೆರೆದದ್ದು 2019ರಲ್ಲಿ. ದಕ್ಷಿಣಕ್ಕೆ ಜುವಾರಿ ನದಿಗೂ ಸೇತುವೆ ಬಂದದ್ದು 1983ರಲ್ಲಿ. ಆದ್ದರಿಂದ ಹಳೆಯ ಚಿತ್ರದ ಗೋವೆಯನ್ನು ಇಂದಿನ ಗೋವೆಯಲ್ಲಿ ಕಣ್ಣಾಡಿಸಿ ಕಂಡುಬಿಡುತ್ತೇನೆ ಎಂದು ಹೊರಟವನಿಗೆ ನಿರಾಶೆ ಕಾದಿದೆ. 'ಇಲ್ಲಿ ರಾಜ್‌ಕುಮಾರ್ ನಿಂತಿದ್ದರು' ಎಂದು ತೋರಿಸುವ ಫಲಕವಿಲ್ಲ. ತೋರಿಸಬಲ್ಲವರೂ ಒಬ್ಬೊಬ್ಬರಾಗಿ ಹೋದರು. ದೊರೈರಾಜ್ 2000ದಲ್ಲಿ, ರಾಜ್‌ಕುಮಾರ್ 2006ರಲ್ಲಿ, ಭಗವಾನ್ 2023ರಲ್ಲಿ ತೀರಿಕೊಂಡರು.

ಬಾಂಡನ ಅಭಿಮಾನಿಗಳಿಗೆ ಈ ಕಷ್ಟವಿಲ್ಲ. 1983ರ 'ಆಕ್ಟೊಪಸಿ' ನೋಡಿದವರು ನೇರವಾಗಿ ಉದಯಪುರಕ್ಕೆ ಹೋಗಿ ಪಿಚೋಲಾ ಕೆರೆಯ ನಡುವಿನ ಅರಮನೆ, ಗುಡ್ಡದ ಮೇಲಿನ ಸಜ್ಜನಗಢ ಎರಡನ್ನೂ ನೋಡಿ ಬರುತ್ತಾರೆ. ಅಲ್ಲಿಯ ಎಷ್ಟೋ ಹೋಟೆಲುಗಳಲ್ಲಿ ಸಂಜೆ ಹೊತ್ತು ಆ ಚಿತ್ರ ತೋರಿಸುವ ಪದ್ಧತಿಯೇ ಬೆಳೆದಿತ್ತು. ಥಾಯ್ಲೆಂಡಿನಲ್ಲಿ 1974ರ ಬಾಂಡ್ ಚಿತ್ರದಲ್ಲಿ ಕಾಣಿಸಿಕೊಂಡ ಸುಣ್ಣಕಲ್ಲಿನ ಕಂಬವೊಂದಕ್ಕೆ ಎಷ್ಟು ದೋಣಿಗಳು ಮುತ್ತಿದವೆಂದರೆ, ಕಲ್ಲು ಸವೆಯುವುದನ್ನು ತಡೆಯಲು 1998ರಿಂದ ಹತ್ತಿರ ಹೋಗುವುದನ್ನೇ ನಿಷೇಧಿಸಿದರು. ಅಂಥ ಖ್ಯಾತಿ ಗೋಕಾಕದ ಬಂಡೆಗೆ ಬರದಿದ್ದರೂ ನಷ್ಟವಿಲ್ಲ ಅನಿಸುತ್ತದೆ.

ಹಾಗಾದರೆ 999ರ ಜಾಗ ಹುಡುಕುವುದು ಹೇಗೆ? ಪತ್ತೇದಾರನ ಕೆಲಸವನ್ನು ವಿದ್ಯಾರ್ಥಿಯೇ ಮಾಡಬೇಕು. ಮೊದಲ ಸಾಕ್ಷಿ ಸೂರ್ಯ. ಆ ಕಾಲದ ಕನ್ನಡ ಚಿತ್ರಗಳು ಬಹುಪಾಲು ತಯಾರಾಗುತ್ತಿದ್ದದ್ದು ಮದರಾಸಿನ ಸ್ಟುಡಿಯೋಗಳಲ್ಲಿ. ಹಾಗಾಗಿ ತೆರೆಯ ಮೇಲೆ ಕಡಲು ಕಂಡರೆ ಅದು ಗೋವೆಯದೋ ಮದರಾಸಿನದೋ ಎಂಬ ಸಂಶಯ ನ್ಯಾಯವೇ. ಮದರಾಸಿನಲ್ಲಿ ಸೂರ್ಯ ಕಡಲಿಂದ ಹುಟ್ಟುತ್ತಾನೆ, ಗೋವೆಯಲ್ಲಿ ಕಡಲಲ್ಲಿ ಮುಳುಗುತ್ತಾನೆ. ನಟರ ಮುಖದ ಮೇಲೆ ಕಡಲ ಕಡೆಯಿಂದ ಓರೆ ಬಿಸಿಲು ಬಿದ್ದಿದ್ದರೆ, ಗೋವೆಯಾದಲ್ಲಿ ಅದು ಸಂಜೆ. ಕಥೆಯಲ್ಲಿ ಅದು ಬೆಳಗಿನ ಜಾವವೆಂದಿದ್ದರೆ ಎಲ್ಲೋ ಏನೋ ತಪ್ಪಿದೆ.

ಮಧ್ಯಾಹ್ನದ ನೆರಳೂ ಸಾಕ್ಷಿ ಹೇಳುತ್ತದೆ. ಗೋಕಾಕ, ಗೋವೆಗಳಲ್ಲಿ ವರ್ಷದ ಬಹುಭಾಗ ಅದು ಉತ್ತರಕ್ಕೆ ಬೀಳುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ದಕ್ಷಿಣಕ್ಕೆ. ಕರ್ಕಾಟಕ ಸಂಕ್ರಾಂತಿ ವೃತ್ತದ ಆಚೆಗಿರುವ ಉದಯಪುರದಲ್ಲಿ ಅದು ಎಂದೂ ದಕ್ಷಿಣಕ್ಕೆ ಬೀಳದು. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟು ಗುರುತು ಹಾಕಿದರೆ ಇದನ್ನು ಯಾರೂ ಪರೀಕ್ಷಿಸಬಹುದು.

ಎರಡನೆಯ ಸಾಕ್ಷಿ ಕಲ್ಲು. ಕಪ್ಪು ಬಿಳುಪು ಚಿತ್ರದಲ್ಲೂ ತೂತು ಬಿದ್ದ ಜಂಬಿಟ್ಟಿಗೆಗೂ ಪದರು ಮರಳುಗಲ್ಲಿಗೂ ಇರುವ ವ್ಯತ್ಯಾಸ ಮರೆಯಾಗದು. ಮೂರನೆಯದು ಎಲ್ಲಕ್ಕಿಂತ ಗಟ್ಟಿ: ಹತ್ತಿರದ ವಸ್ತು ಮತ್ತು ದೂರದ ವಸ್ತುಗಳ ಸಾಲು. ತೆರೆಯ ಮೇಲೆ ಒಂದು ಗೋಡೆಯ ಮೂಲೆ ಹಿಂದಿನ ಗುಡ್ಡದ ತುದಿಗೆ ಸರಿಯಾಗಿ ತಾಗಿದಂತೆ ಕಂಡರೆ, ಕ್ಯಾಮೆರಾ ಇದ್ದದ್ದು ಅವೆರಡನ್ನೂ ಜೋಡಿಸುವ ಗೆರೆಯ ಮೇಲೇ. ಅದೇ ದೃಶ್ಯದಲ್ಲಿ ಇಂಥದೇ ಇನ್ನೊಂದು ಜೋಡಿ ಸಿಕ್ಕರೆ, ಎರಡು ಗೆರೆ ಕೂಡುವ ಕಡೆ ದೊರೈ-ಭಗವಾನರ ಕ್ಯಾಮೆರಾ ನಿಂತಿತ್ತು. ಮರ ಬೆಳೆದಿರಲಿ, ಅಂಗಡಿ ಎದ್ದಿರಲಿ, ಗುಡ್ಡ ಕದಲುವುದಿಲ್ಲ.

ಇದರ ಅಭ್ಯಾಸಕ್ಕೆ ಗೋವೆಯವರೆಗೆ ಹೋಗಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಎಷ್ಟೋ ಮನೆಗಳಲ್ಲಿ ಫಾಲ್ಸಿನ ಎದುರು ಸಾಲಾಗಿ ನಿಂತು ತೆಗೆಸಿಕೊಂಡ ಹಳೆಯ ಫೋಟೋ ಇರುತ್ತದೆ. ಅದರಲ್ಲಿ ಗುಡಿಯ ಮೂಲೆ, ಸೇತುವೆಯ ತಂತಿ, ಬಂಡೆಯಂಚು ಹೇಗೆ ಕೂಡಿವೆಯೆಂದು ನೋಡಿ, ಅಂದು ಫೋಟೋದವನು ನಿಂತ ಜಾಗವನ್ನು ಮಕ್ಕಳೇ ಹುಡುಕಲಿ. ಸಿಕ್ಕಿದ ಮೇಲೆ ಅಜ್ಜನನ್ನು ಅಲ್ಲಿಗೇ ಕರೆತಂದು ನಿಲ್ಲಿಸಿ ಇನ್ನೊಂದು ಫೋಟೋ ತೆಗೆಯಲಿ. ಹಾಗೆಯೇ ಟೂರಿಂಗ್ ಟಾಕೀಸಿನ ಚಾಪೆಯ ಮೇಲೆ ಕೂತು 999 ಚಿತ್ರ ನೋಡಿದವರನ್ನು ಕೇಳಿ ಬರೆದಿಟ್ಟುಕೊಳ್ಳಲಿ. ಅವರೂ ಬಹಳ ದಿನ ಇರುವವರಲ್ಲ.

'ಆಪರೇಷನ್ ಡೈಮಂಡ್ ರಾಕೆಟ್' ತಂಡ ಕಂಡ ನೇಪಾಳದ ಮಾತನ್ನೂ ಹೇಳಬೇಕು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಠ್ಮಂಡುವಿನ ಧರಹರಾ ಗೋಪುರವೂ ಹಲವು ಗುಡಿಗಳೂ ನೆಲಕ್ಕುರುಳಿದವು. ಅಂಥ ಊರಿನ 1978ರ ಬಣ್ಣದ ದೃಶ್ಯಗಳು ಈಗ ಹೊಡೆದಾಟದ ಹಿನ್ನೆಲೆಯಾಗಿ ಉಳಿದಿಲ್ಲ, ಅವೇ ದಾಖಲೆಗಳು. ನಮ್ಮವರೊಬ್ಬರೂ ಕುಳಿತು ಅವುಗಳ ಪಟ್ಟಿ ಮಾಡಬಾರದೇ?

ರಾಜ್‌ಕುಮಾರ್ ಹೆಸರಿನೊಡನೆ ಗೋಕಾಕದ ಹೆಸರು ಬೇರೊಂದು ಕಾರಣಕ್ಕೆ ಸೇರಿಕೊಂಡದ್ದು 1982ರಲ್ಲಿ. ಅವರು ಮುಂದೆ ನಿಂತು ನಡೆಸಿದ ಭಾಷಾ ಚಳವಳಿಗೆ ಆ ಹೆಸರು ಬಂದದ್ದು ವರದಿ ಕೊಟ್ಟ ವಿ.ಕೃ. ಗೋಕಾಕರಿಂದ, ಊರಿನಿಂದಲ್ಲ. ಊರಿನವರು ಮಾತ್ರ ಅದು ತಮ್ಮದೇ ಎಂಬಂತೆ ಹೇಳಿಕೊಳ್ಳುವುದುಂಟು. ಹೇಳಿಕೊಳ್ಳಲಿ.

ಹೋಗುವವರಿಗೆ ಎರಡು ಮಾತು. ಫಾಲ್ಸನ್ನು ನೋಡಲು ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆದರೆ ಆಗ ಬಂಡೆ ಪಾಚಿಗಟ್ಟಿ ಜಾರುತ್ತದೆ. ಅಂಚಿಗೆ ಹೋಗುವ ಸಾಹಸ ಬೇಡ. ಸೇತುವೆಗೆ ಬಿಡದಿದ್ದರೆ ವಾದ ಮಾಡದೆ ಹಿಂದಿರುಗಬೇಕು. ಗೋವೆಗೆ ನವೆಂಬರಿನಿಂದ ಫೆಬ್ರುವರಿ. ಅಂಬೋಲಿಯಲ್ಲಿ ಮಂಜು ಕವಿದರೆ ಬಸ್ಸು ನಿಧಾನ, ತಲುಪುವುದು ತಡವಾದೀತು. ಕೈಚೀಲದಲ್ಲಿ ಒಂದು ಡಬ್ಬಿ ಗೋಕಾಕದ ಕರದಂಟು ಇರಲಿ, ಜೊತೆಗೆ ಒಂದು ದಿಕ್ಸೂಚಿ.